ಗಾಜಿನ ಮಾಡಿನ ಗಾಡಿ: ಒಂದು ವಿಮರ್ಶೆ

ಯಶವಂತಪುರದಿಂದ ಹೊರಟು ಸಕಲೇಶಪುರದ ಘಟ್ಟವನ್ನಿಳಿದು ಮಂಗಳೂರನ್ನು ಸೇರುವ ಹಗಲು ರೈಲಿಗೆ 2021ರ ಜುಲೈ ತಿಂಗಳಲ್ಲಿ ವಿಸ್ಟಾಡೋಮ್ ಎಂಬ ಗಾಡಿಗಳನ್ನು ಸೇರಿಸಿದರಷ್ಟೆ. ಒಂದೊಂದರಲ್ಲಿ 44 ಆಸನಗಳು. ಅವನ್ನು ತಿರುಗಿಸಿಕೊಂಡು ಕೂಡಬಹುದು. ಪಕ್ಕಗಳಲ್ಲಿ ಅಗಲವಾದ ಕಿಟಕಿ, ಮಾಡಿನಲ್ಲಿಯೂ ಗಾಜು. ಇದನ್ನು ಹೊಗಳಿದವರು ಅನೇಕರು. ಹೊಗಳತಕ್ಕದ್ದೂ ಉಂಟು. ಆದರೆ ನೋಟವೇ ಯಾವುದರ ಪ್ರಯೋಜನವೋ ಅದನ್ನು ಸಹೃದಯರು ದೃಶ್ಯಕಾವ್ಯದಂತೆಯೇ ಪರೀಕ್ಷಿಸುವುದು ಯುಕ್ತ. ಇದು ಏನನ್ನು ಕಾಣಿಸುತ್ತದೆ, ಏನನ್ನು ಮರೆಸುತ್ತದೆ?

ಮೊದಲು ಇದರ ಪೂರ್ವಜನನ್ನು ನೋಡೋಣ. 1944ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯ ಸೈರಸ್ ಆಸ್ಬರ್ನ್ ಎಂಬವರು ಕೊಲರಾಡೊ ಪ್ರಾಂತದ ಕಣಿವೆಯೊಂದರಲ್ಲಿ ಡೀಸೆಲ್ ಎಂಜಿನ್ನಿನೊಳಗೆ ಕುಳಿತು ಪ್ರಯಾಣ ಮಾಡುತ್ತಿದ್ದಾಗ, ಚಾಲಕನಿಗೆ ದೊರೆಯುವ ನೋಟವು ಪ್ರಯಾಣಿಕನಿಗೂ ಏಕೆ ದೊರೆಯಬಾರದೆಂದು ಆಲೋಚಿಸಿದರು. ಅದರ ಫಲವೇ ಮಾಡಿನಿಂದ ಮೇಲಕ್ಕೆದ್ದ ಗಾಜಿನ ಗುಮ್ಮಟ. ಉಗಿಯೆಂಜಿನ್ನಿನ ಹೊಗೆಮಸಿ ಡೀಸೆಲಿನಲ್ಲಿ ಇಲ್ಲದಿದ್ದುದೂ ಗಾಜಿಗೆ ಅನುಕೂಲವಾಯಿತು. 1955ರ ಏಪ್ರಿಲಿನಲ್ಲಿ ಕೆನಡಿಯನ್ ಪೆಸಿಫಿಕ್ ಸಂಸ್ಥೆಯು ರಾಕಿ ಪರ್ವತಗಳನ್ನು ದಾಟಿ ವ್ಯಾಂಕೂವರಿಗೆ ಹೋಗುವ 'ಕೆನಡಿಯನ್' ರೈಲಿನಲ್ಲಿ ಇಂಥ ಗುಮ್ಮಟದ ಗಾಡಿಗಳನ್ನು ಓಡಿಸಿತು. ಅಲ್ಲಿ ಕುಳಿತವನಿಗೆ ಬೆಟ್ಟದ ಜೊತೆಗೆ, ತಿರುವಿನಲ್ಲಿ ಬಾಗುವ ತನ್ನ ರೈಲಿನ ಬೆನ್ನೂ ಅದನ್ನೆಳೆಯುವ ಎಂಜಿನ್ನೂ ಕಾಣುತ್ತಿದ್ದುವು. ರೈಲಿನ ತುದಿಯ ಗಾಡಿಗೆ ಆ ದೇಶದ ಒಂದು ಉದ್ಯಾನದ ಹೆಸರು. ಒಳಗೆ ಅದೇ ಉದ್ಯಾನವನ್ನು ಕುರಿತು ಆ ದೇಶದ ಕಲಾವಿದರೇ ಬರೆದ ಚಿತ್ರ.

ನಮ್ಮ ಗಾಡಿಯಲ್ಲಿ ಗುಮ್ಮಟವಿಲ್ಲ, ಮಾಡು ಸಮತಲ. ಆದಕಾರಣ ಬೆಟ್ಟವೂ ಆಕಾಶವೂ ಕಾಣುವುವು, ಎಂಜಿನ್ನು ಕಾಣದು. ಇದು ಅಲ್ಪವಾದ ಕೊರತೆಯಲ್ಲ. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡಿಗೂ ನಡುವೆ ಸುಮಾರು 55 ಕಿಲೋಮೀಟರು. ಅಷ್ಟರಲ್ಲಿ 57 ಸುರಂಗಗಳು. 50 ಅಡಿ ನಡೆದರೆ ಒಂದು ಅಡಿ ಇಳಿತ. 1979ರಲ್ಲಿ ಮೀಟರ್‌ಗೇಜ್ ಹಳಿಯಾಗಿ ತೆರೆದ ಈ ದಾರಿ ಬ್ರಾಡ್‌ಗೇಜಾಗಿ ಮತ್ತೆ ಪ್ರಯಾಣಿಕರಿಗೆ ದೊರೆತದ್ದು 2007ರಲ್ಲಿ. ಅನಂತರ ಬಹುವರ್ಷ ಇಲ್ಲಿ ಭಾರ ಹೊತ್ತವು ಡೀಸೆಲ್ ಎಂಜಿನ್ನುಗಳೇ. ಅವುಗಳೊಳಗಿನ ಡೀಸೆಲ್ ಯಂತ್ರವು ವಿದ್ಯುತ್ತನ್ನು ಹುಟ್ಟಿಸುವುದು. ಆ ವಿದ್ಯುತ್ತು ಗಾಲಿಗಳ ಮೋಟಾರುಗಳನ್ನು ತಿರುಗಿಸುವುದು. ಏರುವಾಗ ಮುಂದಿನ ಎಂಜಿನ್ನು ಸಾಲದೆ ಹಿಂದಿನಿಂದಲೂ ನೂಕಬೇಕಾಗುತ್ತಿತ್ತು. 2024ರ ಜುಲೈಯಲ್ಲಿ ಯಡಕುಮಾರಿಗೂ ಕಡಗರವಳ್ಳಿಗೂ ನಡುವೆ ಗುಡ್ಡ ಕುಸಿದು ರೈಲುಗಳು ನಿಂತುಹೋದಾಗ, ಸುರಿಯುವ ಮಳೆಯಲ್ಲಿ ದಾರಿಯನ್ನು ಮತ್ತೆ ಕಟ್ಟಿದವರು ಮನುಷ್ಯರು. ಮೆತ್ತನೆಯ ಆಸನದಲ್ಲಿ ಒರಗಿದವನಿಗೆ ಇದೊಂದೂ ಹೊಳೆಯದಿದ್ದರೆ, ಆತನು ಕಂಡದ್ದು ಅರ್ಧ ಮಾತ್ರ.

ರಘುವಂಶದ ಹದಿಮೂರನೆಯ ಸರ್ಗವನ್ನು ಓದಿದವರಿಗೆ ಈ ಮಾತು ಸುಲಭವಾಗಿ ತಿಳಿಯುವುದು. ಪುಷ್ಪಕದಲ್ಲಿ ಕುಳಿತ ಶ್ರೀರಾಮನು ಸೀತೆಗೆ ತೋರಿಸತೊಡಗುವಾಗ ಬರಿಯ ಸಮುದ್ರವನ್ನು ತೋರಿಸುವುದಿಲ್ಲ. ತನ್ನ ಸೇತುವೆಯಿಂದ ಇಬ್ಭಾಗವಾದ ಸಮುದ್ರವನ್ನು ತೋರಿಸುತ್ತಾನೆ. ಬಳಿಕ ಆಕೆಯನ್ನು ಅರಸುತ್ತ ತಾನು ಅಲೆದ ಎಡೆಗಳನ್ನು ಒಂದೊಂದಾಗಿ ಹೇಳುತ್ತಾನೆ. ಪ್ರಕೃತಿ, ಕೃತಿ, ಸ್ಮೃತಿ ಈ ಮೂರೂ ಕೂಡಿದಲ್ಲಿ ರಸ. ಹೆಸರಿಲ್ಲದ ಹಸುರು ಕಣ್ಣಿಗೆ ಇಂಪಾಗಿ, ಇಳಿದೊಡನೆ ಮರೆತುಹೋಗುವುದು.

ಹಾಗೆಂದು ಗಾಡಿಯನ್ನು ಒಡೆದು ಕಟ್ಟಿರೆಂದು ಯಾರೂ ಕೇಳಬೇಕಾಗಿಲ್ಲ. ಕುಮಾರಧಾರೆಯ ಹೆಸರನ್ನು ಒಂದು ಗಾಡಿಗೆ ಇಡಲಿ. ದೋಣಿಗಾಲ್, ಯಡಕುಮಾರಿ, ಶಿರಿಬಾಗಿಲುಗಳ ವೃತ್ತಾಂತವನ್ನೂ ಸುರಂಗ ಕೊರೆದವರ ಶ್ರಮವನ್ನೂ ತಿಳಿಸುವ ಸಣ್ಣದೊಂದು ಕನ್ನಡ ಪುಸ್ತಕವನ್ನು ಪ್ರಯಾಣಿಕರ ಕೈಗೆ ಕೊಡಲಿ. ನಮ್ಮ ಚಿತ್ರಕಾರರಿಂದ ಒಂದು ಚಿತ್ರ ಬರೆಯಿಸಲಿ. ಸಾವಿರ ವರ್ಷಕ್ಕೂ ಹಿಂದೆ, ಬೆಂಗಳೂರಿನ ಕಾಳಗದಲ್ಲಿ ಮಡಿದ ಬುಟ್ಟನ ಸೆಟ್ಟಿಯನ್ನು ನಮ್ಮ ಬೇಗೂರಿನವರು ಕಲ್ಲಿನಲ್ಲಿ ಹೆಸರಿಟ್ಟು ನೆನೆದರು. ಘಟ್ಟವನ್ನು ಕೊರೆದವರಿಗೆ ಗಾಜಿನ ಗಾಡಿಯ ಗೋಡೆಯ ಮೇಲೆ ನಾಲ್ಕು ಸಾಲು ಹೆಚ್ಚಾಗಲಾರದು.