ಹಳೆ ಪೈಪಿಗೆ ಹೊಸ ಕಮೋಡ್

ಕಮೋಡ್ ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮೊದಲು ತಮ್ಮ ಮನೆಯ ಚರಂಡಿ ಚೇಂಬರಿನ ಮುಚ್ಚಳ ತೆಗೆಸಿ ನೋಡಬೇಕು. ಅಂಗಡಿಯ ದೀಪದಡಿ ಎಲ್ಲ ಪಿಂಗಾಣಿಯೂ ಚೆಂದವೇ. ಅದು ಮನೆಯಲ್ಲಿ ನೆಟ್ಟಗೆ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ನೆಲದಡಿಯ ಹಳೆ ಪೈಪನ್ನು ಸೇರುವ ಆ ಒಂದು ಗೇಣು ಜಾಗದಲ್ಲಿ. ಹಳೆ ಮನೆಯ ರಿಪೇರಿಯಲ್ಲಿ ನಾನು ಅತ್ಯಂತ ಗೌರವಿಸುವ ಕೆಲಸ ಈ ಜೋಡಣೆ. ಮುಗಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟರೆ ಮನೆಯವರನ್ನೆಲ್ಲ ಹೈರಾಣು ಮಾಡುತ್ತದೆ.

ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಈ ಕೆಲಸಕ್ಕೊಂದು ವಿಶೇಷ ತೊಡಕಿದೆ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಸಾಲುಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಇರುತ್ತಿತ್ತು. ಕಕ್ಕಸು ಹಿತ್ತಿಲ ತುದಿಯಲ್ಲಿ. ಮಲ ತೆಗೆಯುವವರು ಗಲ್ಲಿಯಿಂದಲೇ ಬಂದು ಹೋಗಬೇಕಿತ್ತು. ಒಳಚರಂಡಿ ಬಂದಾಗ ಎಷ್ಟೋ ಮನೆಗಳ ಪೈಪೂ ಅದೇ ಹಿಂಬದಿಗೆ ಹರಿಯಿತು. ಈಗ ಮಂಡಿನೋವಿನ ಅಜ್ಜಿಗೆ ಮಲಗುವ ಕೋಣೆಯ ಪಕ್ಕದಲ್ಲೇ ಕಮೋಡ್ ಬೇಕು. ನ್ಯಾಯವಾದ ಬೇಡಿಕೆ. ಆದರೆ ಹೊಸ ಜಾಗಕ್ಕೂ ಹಳೆ ಪೈಪಿಗೂ ನಡುವೆ ಇಡೀ ಮನೆ ಮಲಗಿದೆ.

ನೆಲ ಅಗೆದರೆ ಸಾಮಾನ್ಯವಾಗಿ ಸಿಗುವುದು ಕಂದು ಹೊಳಪಿನ ಸ್ಟೋನ್‌ವೇರ್ ಪೈಪು. ಮಹಡಿಯಿದ್ದರೆ ಗೋಡೆಗುಂಟ ಬೀಡು ಕಬ್ಬಿಣದ ಪೈಪು. ಎರಡನ್ನೂ ಕಂಡ ಕೂಡಲೇ ಕಿತ್ತೆಸೆಯಬೇಕಿಲ್ಲ. ಸ್ಟೋನ್‌ವೇರ್ ತಾನಾಗಿ ಸವೆಯುವುದು ಕಡಿಮೆ; ಸೋಲುವುದು ಅದರ ಸಿಮೆಂಟ್ ಬೆಸುಗೆಗಳು. ಅವುಗಳ ಬಿರುಕಿನ ತೇವ ಹುಡುಕಿಕೊಂಡು ಅರಳಿಯ ಬೇರು ಒಳಗೆ ನುಗ್ಗುತ್ತದೆ. ಬೀಡಿನ ಪೈಪನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿಯಾಗಿದ್ದರೆ ಕಂಚಿನಂತೆ ನಾದ ಬರುತ್ತದೆ, ಸೀಳಿದ್ದರೆ ಸದ್ದು ಮಂದವಾಗಿರುತ್ತದೆ.

ಆಮೇಲೆ ಅಳತೆ. ವಾಸನೆ ತಡೆಯಲು ನೀರು ಹಿಡಿದಿಡುವ ಬಾಗೇ ಟ್ರ್ಯಾಪ್. ಕಮೋಡಿನ ಹೊರಬಾಯಿ ಗೋಡೆ ಕಡೆಗಿದ್ದರೆ ಪಿ ಟ್ರ್ಯಾಪ್, ನೆಲಕ್ಕಿದ್ದರೆ ಎಸ್ ಟ್ರ್ಯಾಪ್. ಎಸ್ ಟ್ರ್ಯಾಪಿನಲ್ಲಿ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ 4, 9, 12 ಇಂಚಿನ ಮಾದರಿಗಳು ಸಿಗುತ್ತವೆ. ಟೈಲ್ಸ್ ಕೂರಿಸಿದ ಮೇಲೆ ಗೋಡೆ ಮುಂದೆ ಬರುತ್ತದೆ, ಆ ಮುಕ್ಕಾಲು ಇಂಚನ್ನು ಮರೆತವರ ಮನೆಯಲ್ಲಿ ಪಿಂಗಾಣಿ ಗೋಡೆಗೆ ಒತ್ತಿ ನಿಂತು ಪೈಪಿನ ಬಾಯಿ ಓರೆಯಾಗುತ್ತದೆ. ಆಗ ಕೆಲವರು ಸುಕ್ಕುಸುಕ್ಕಾದ ಬಾಗುವ ಕನೆಕ್ಟರ್ ತಂದು ಎಳೆದು ಜೋಡಿಸುತ್ತಾರೆ. ಆ ಸುಕ್ಕುಗಳಲ್ಲೇ ಕೊಳಕು ಕೂರುತ್ತದೆ. ನಾನು ಅದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಹಳೆ ಇಂಡಿಯನ್ ಪ್ಯಾನಿಗೆ ಟ್ರ್ಯಾಪ್ ಬೇರೆಯಾಗಿ ನೆಲದೊಳಗೆ ಹೂತಿರುತ್ತದೆ. ಕಮೋಡಿನ ಟ್ರ್ಯಾಪ್ ಅದರ ಪಿಂಗಾಣಿ ಮೈಯಲ್ಲೇ ಅಡಗಿದೆ. ಪ್ಯಾನ್ ಕಿತ್ತ ಮೇಲೆ ಮೇಸ್ತ್ರಿ ಬಂದು, "ಸಾರ್, ಕೆಳಗಡೆ ಯಾಕೆ ಒಡೀಬೇಕು, ಇದರ ಮೇಲೇ ಕೂರಿಸಿಬಿಡೋಣ" ಎನ್ನುತ್ತಾರೆ. ಒಂದು ದಿನದ ಕೂಲಿ ಉಳಿಯುತ್ತದೆಂದು ಮನೆಯವರೂ ಒಪ್ಪುತ್ತಾರೆ. ಒಪ್ಪಬೇಡಿ. ಮೇಲಿನ ಟ್ರ್ಯಾಪಿನಲ್ಲಿ ನೀರು, ಕೆಳಗಿನ ಟ್ರ್ಯಾಪಿನಲ್ಲೂ ನೀರು. ಎರಡರ ನಡುವೆ ಸಿಕ್ಕಿಬಿದ್ದ ಗಾಳಿಗೆ ಹೊರದಾರಿಯೇ ಇಲ್ಲ. ಫ್ಲಶ್ ಒತ್ತಿದರೆ ನೀರು ಇಳಿಯಲು ಹಿಂಜರಿಯುತ್ತದೆ, ಗುಳುಗುಳು ಎನ್ನುತ್ತದೆ, ಅಂಚಿನವರೆಗೆ ಏರಿ ನಿಧಾನವಾಗಿ ಕೆಳಗಿಳಿಯುತ್ತದೆ. ಮನೆಯವರು ಕಮೋಡ್ ಕಂಪನಿಯನ್ನು ಬೈಯುತ್ತಾರೆ, ಸಿಸ್ಟರ್ನ್ ಬದಲಿಸುತ್ತಾರೆ, ಆ್ಯಸಿಡ್ ಸುರಿಯುತ್ತಾರೆ. ದೋಷವಿರುವುದು ನೆಲದಡಿ ಉಳಿದುಹೋದ ಆ ಡೊಂಕಿನಲ್ಲಿ. ಲಂಡನ್ನಿನಲ್ಲಿದ್ದ ಗಡಿಯಾರ ತಯಾರಕ ಅಲೆಗ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ಪಾಯಿಖಾನೆಯಲ್ಲಿ ದುರ್ವಾಸನೆ ತಡೆಯಲು ಒಂದೇ ನೀರಿನ ಬಾಗು ಇತ್ತು. ಇಂದಿಗೂ ಒಂದೇ ಸಾಕು. ಹಳೆ ಟ್ರ್ಯಾಪನ್ನು ಒಡೆದು ತೆಗೆಸಿ, ನೇರ ಪೈಪಿನ ಬಾಯಿ ಕಾಣುವವರೆಗೆ ಬಿಡಬೇಡಿ.

ಆ ಬಾಯಿ ಕಂಡ ಮೇಲೆ ಹಳತು ಹೊಸದರ ಕೂಡುವಿಕೆ. ಹಿಂದಿನವರು ಬೀಡಿನ ಪೈಪಿನ ಸಂದಿಗೆ ಸಣಬಿನ ಹುರಿ ಜಡಿದು, ಕರಗಿದ ಸೀಸ ಹೊಯ್ದು, ಚಾಣದಿಂದ ಬಡಿದು ಕೂರಿಸುತ್ತಿದ್ದರು. ಈಗಿನ 110 ಮಿಲಿಮೀಟರ್ ಪಿವಿಸಿಗೆ ಅದು ನಡೆಯದು. ಸೀಸ ಕರಗುವುದು 327 ಡಿಗ್ರಿಯಲ್ಲಿ, ಪಿವಿಸಿ 80ರ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಹಾಗೆಂದು ಬರೀ ಸಿಮೆಂಟ್ ಮೆತ್ತಿದರೂ ನಿಲ್ಲದು. ಪಿವಿಸಿಯ ನುಣುಪು ಮೈಯನ್ನು ಸಿಮೆಂಟ್ ಹಿಡಿಯುವುದಿಲ್ಲ, ಬಿಸಿನೀರು ಹರಿದಾಗ ಪೈಪು ಹಿಗ್ಗಿ ಕೂದಲೆಳೆ ಸಂದಿ ಬಿಡುತ್ತದೆ. ಬೀಡಿಗೆ ಸೇರಿಸುವಾಗ ಸ್ಟೀಲ್ ಕ್ಲಾಂಪಿನ ರಬ್ಬರ್ ಕಪ್ಲಿಂಗ್ ಹಾಕಿಸಿ. ಸ್ಟೋನ್‌ವೇರಿನ ಬಾಯಿಗಾದರೆ ಬಲ್ಲ ಪ್ಲಂಬರುಗಳ ಹಳೆಯ ಉಪಾಯವೊಂದಿದೆ: ಪಿವಿಸಿಯ ತುದಿಗೆ ಸಾಲ್ವೆಂಟ್ ಅಂಟು ಬಳಿದು, ಒಣಗುವ ಮೊದಲು ಒಣ ಮರಳು ಉದುರಿಸುವುದು. ಆ ಒರಟು ಮೈಯನ್ನು ಗಾರೆ ಕಚ್ಚಿಕೊಳ್ಳುತ್ತದೆ. ಈ ಕೆಲಸವನ್ನು ನಿಧಾನವಾಗಿ, ಕೈ ಸವರಿ ನೋಡುತ್ತ ಮಾಡುವ ಪ್ಲಂಬರ್ ಸಿಕ್ಕರೆ ಅವರ ನಂಬರ್ ಬರೆದಿಟ್ಟುಕೊಳ್ಳಿ.

ಮುಂದಿನದು ಇಳಿಜಾರು. ನಾಲ್ಕಿಂಚಿನ ಪೈಪಿಗೆ ಹತ್ತು ಅಡಿಗೆ ಮೂರಿಂಚು ಇಳಿಜಾರು ಬೇಕು. ಹಳೆ ಕಾಲದ ಎತ್ತರದ ಸಿಸ್ಟರ್ನಿನ ಸರಪಳಿ ಎಳೆದರೆ ಹತ್ತು ಲೀಟರಿಗೂ ಹೆಚ್ಚು ನೀರು ಧುಮುಕುತ್ತಿತ್ತು, ಇಳಿಜಾರು ಕೊಂಚ ಕಡಿಮೆಯಿದ್ದರೂ ಸಾಗುತ್ತಿತ್ತು. ಈಗಿನದು ಮೂರು ಅಥವಾ ಆರು ಲೀಟರ್. ನೀರು ಉಳಿಸುವುದು ಒಳ್ಳೆಯದೇ, ಆದರೆ ಹಿತ್ತಿಲವರೆಗಿನ ದಾರಿಯಲ್ಲಿ ಮೂರು ಲೀಟರ್ ಅರ್ಧಕ್ಕೇ ಸೋಲುತ್ತದೆ. ಸ್ನಾನದ ನೀರನ್ನು ಟ್ರ್ಯಾಪಿನ ಮೂಲಕ ಅದೇ ಸಾಲಿನ ತಲೆಯಲ್ಲಿ ಸೇರಿಸಿದರೆ ದಿನವೂ ಪೈಪು ತೊಳೆದಂತಾಗುತ್ತದೆ. ತಿರುವಿನಲ್ಲಿ ಒಂದು ಕಡಿದಾದ ಮೂಲೆಯ ಬದಲು 45 ಡಿಗ್ರಿಯ ಎರಡು ಬೆಂಡ್ ಹಾಕಿಸಿ. ತಾರಸಿಗೆ ಹೋಗುವ ಗಾಳಿ ಪೈಪನ್ನೂ ನೋಡಿಕೊಳ್ಳಿ. ಮಹಡಿ ಕಟ್ಟುವಾಗ ಅದನ್ನು ಕತ್ತರಿಸಿ ಮುಚ್ಚಿದ್ದರೆ ಫ್ಲಶ್ಶಿನ ಸೆಳೆತ ಪಕ್ಕದ ಬಚ್ಚಲ ನೆಲದ ನಹಾನಿ ಟ್ರ್ಯಾಪಿನ ನೀರನ್ನೆಲ್ಲ ಹೀರುತ್ತದೆ, ವಾಸನೆ ಅಲ್ಲಿಂದ ಮೇಲೇಳುತ್ತದೆ.

ತಿರುವುಗಳಲ್ಲಿ ಮುಚ್ಚಳವಿರುವ ಡೋರ್ ಬೆಂಡ್ ಇರಲೇಬೇಕೆಂದು ನಾನು ಹಟ ಹಿಡಿಯುತ್ತೇನೆ. ಮುಚ್ಚಳ ಬಿಚ್ಚಿ ಕೋಲೋ ಮಷೀನೋ ಒಳಬಿಡಲು ದಾರಿಯಿಲ್ಲದ ಪೈಪು ಕಟ್ಟಿಕೊಂಡಾಗ, ಯಾರನ್ನೋ ಕರೆತಂದು ಗುಂಡಿಗಿಳಿಸುವ ಯೋಚನೆ ಶುರುವಾಗುತ್ತದೆ. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಇಂಥ ಕೆಲಸವನ್ನು ನಿಷೇಧಿಸುವ 2013ರ ಕೇಂದ್ರದ ಕಾಯ್ದೆಯೂ ಇದೆ. ಆದರೂ ಮನುಷ್ಯರು ಗುಂಡಿಗಳಲ್ಲಿ ಸಾಯುತ್ತಲೇ ಇದ್ದಾರೆ. ಕೈಗೆಟುಕುವ ಕಡೆ ಒಂದು ಡೋರ್ ಬೆಂಡ್ ಇಡಿಸುವುದು ಅಗ್ಗದ ಕೆಲಸ.

ಕಮೋಡನ್ನು ನೆಲಕ್ಕೆ ಸಿಮೆಂಟಿನಲ್ಲಿ ಹೂಳಬೇಡಿ, ಸ್ಕ್ರೂ ಬಿಗಿದು ಸುತ್ತ ಸಿಲಿಕೋನ್ ಎಳೆಸಿದರೆ ನಾಳೆ ಒಡೆಯದೆ ಎತ್ತಬಹುದು. ಅಗೆದ ಮಣ್ಣು ಮುಚ್ಚುವ ಮೊದಲು ಬಟ್ಟೆಗೆ ಹಾಕುವ ನೀಲಿ ಕದಡಿದ ನೀರನ್ನು ಬಕೆಟ್ಟಿನಿಂದ ಸುರಿಸಿ, ಇನ್ನೊಬ್ಬರನ್ನು ಚೇಂಬರ್ ಬಳಿ ನಿಲ್ಲಿಸಿ. ನೀಲಿ ಅಲ್ಲಿಗೆ ಒಮ್ಮೆಲೇ ಬಂದು ತಲುಪಬೇಕು, ಬೆಸುಗೆಗಳ ಸುತ್ತಲಿನ ಮಣ್ಣಿನಲ್ಲಿ ಎಲ್ಲೂ ನೀಲಿ ಕಾಣಬಾರದು. ಪೈಪು ಹೋದ ದಾರಿಯ ಫೋಟೊ ತೆಗೆದು ಮನೆಪತ್ರಗಳ ಜೊತೆ ಇಟ್ಟ ಮೇಲೆ ಮಣ್ಣು ಮುಚ್ಚಿಸಿ.