ಎತ್ತಿದ ಕಾಲು ಎಲ್ಲಿಗೆ?

ನ್ಯೂಜೆರ್ಸಿಯಲ್ಲಿರುವ ಓದುಗರೊಬ್ಬರ ಮಗ ಎಡಗೈ ಪಿಚರ್. ಲಿಟಲ್ ಲೀಗಿನ 60 ಅಡಿ ಬೇಸುಗಳ ಮೈದಾನದಿಂದ ಈ ವರ್ಷ 70 ಅಡಿಯ ಮೈದಾನಕ್ಕೆ ಏರಿದ್ದಾನೆ. ಹೊಸ ಮೈದಾನದಲ್ಲಿ ಅಂಪೈರ್ ಅವನಿಗೆ ಬಾಕ್ ಮೇಲೆ ಬಾಕ್ ಕೊಟ್ಟರಂತೆ. ಬಾಕ್ ಎಂದರೆ ಪಿಚರ್ ರನ್ನರನ್ನು ವಂಚಿಸುವಂತೆ ಮೈ ಆಡಿಸಿದ ತಪ್ಪು, ಅದಕ್ಕೆ ದಂಡವಾಗಿ ರನ್ನರಿಗೆ ಒಂದು ಬೇಸು ಸಿಗುತ್ತದೆ. ‘ಚೆಂಡು ನೆಟ್ಟಗೆ ಫಸ್ಟ್ ಬೇಸಿಗೇ ಹೋಗಿದೆ, ಇನ್ನೇನು ತಪ್ಪು?’ ಎಂದು ತಂದೆ ಕೇಳಿದ್ದಾರೆ. ಹೋದ ವಾರ ಪಿಚ್ ಕ್ಲಾಕ್ ಬಗ್ಗೆ ಬರೆಯುವಾಗ ಇದಕ್ಕೆ ಉತ್ತರಿಸುತ್ತೇನೆ ಎಂದಿದ್ದೆ.

ಹುಡುಗನ ಕೈಯಲ್ಲಿ ದೋಷವಿರಲಾರದು, ಕಾಲನ್ನು ನೋಡಬೇಕು. ಚಿಕ್ಕ ಮೈದಾನದಲ್ಲಿ ಪಿಚ್ ಬ್ಯಾಟರನ್ನು ಮುಟ್ಟುವ ತನಕ ರನ್ನರ್ ಬೇಸು ಬಿಡುವಂತಿಲ್ಲ. ಹಾಗಾಗಿ ರನ್ನರನ್ನು ಕಟ್ಟಿಹಾಕುವ ಕೆಲಸವೇ ಅವನಿಗೆ ಬಿದ್ದಿರಲಿಲ್ಲ. ದೊಡ್ಡ ಮೈದಾನಕ್ಕೆ ಬಂದ ದಿನವೇ ಎದುರಾಳಿ ಬೇಸಿನಿಂದ ಮೂರು ನಾಲ್ಕು ಹೆಜ್ಜೆ ಆಚೆ ಬಂದು ಕಾಡುತ್ತಾನೆ, ಹುಡುಗ ಟಿವಿಯಲ್ಲಿ ನೋಡಿದ್ದನ್ನು ಮಾಡಲು ಹೋಗುತ್ತಾನೆ. ಟಿವಿಯಲ್ಲಿ ಕಾಣುವ ಎಡಗೈಯವರು ಮಾತ್ರ ನಿಯಮದ ಅಂಚಿನ ಮೇಲೆ ನಡೆಯುವವರು.

ಎಡಗೈ ಪಿಚರ್ ಮೌಂಡಿನ ರಬ್ಬರ್ ಪಟ್ಟಿಯ ಮೇಲೆ ಸೆಟ್ ಆಗಿ, ಅಂದರೆ ಎಸೆಯುವ ಮುಂಚಿನ ನಿಲುವಿನಲ್ಲಿ, ನಿಂತರೆ ಫಸ್ಟ್ ಬೇಸ್ ಅವನ ಕಣ್ಣೆದುರೇ ಇರುತ್ತದೆ. ಬಲಗಾಲು ಎತ್ತುತ್ತಾನೆ. ಆ ಕಾಲು ಬ್ಯಾಟರ್ ಕಡೆಗೂ ಹೋಗಬಹುದು, ಫಸ್ಟ್ ಕಡೆಗೂ ಹೋಗಬಹುದು. ಎರಡಕ್ಕೂ ಮಂಡಿ ಏಳುವ ರೀತಿ ಒಂದೇ ಇದ್ದರೆ ರನ್ನರ್ ಪಾಡು ಹೇಳತೀರದು. ಫಸ್ಟಿಗೆ ಎಸೆಯುವುದಾದರೆ ಎಸೆಯುವ ಮುಂಚೆ ಆ ಬೇಸಿನ ಕಡೆಗೆ ನೇರವಾಗಿ ಹೆಜ್ಜೆ ಇಡಬೇಕು, ಹೆಜ್ಜೆ ಇಟ್ಟ ಮೇಲೆ ಎಸೆಯಲೇಬೇಕು. ಎಷ್ಟು ನೇರ? ನಿಯಮ ಪುಸ್ತಕದಲ್ಲಿ ಕೋನ ಹೇಳಿಲ್ಲ. ಅಂಪೈರುಗಳು ರೂಢಿಯಿಂದ ಪಾಲಿಸಿಕೊಂಡು ಬಂದದ್ದು 45 ಡಿಗ್ರಿ. ರಬ್ಬರಿನಿಂದ ಹೋಮಿಗೂ ಫಸ್ಟಿಗೂ ನಡುವೆ ಕಲ್ಪಿಸಿಕೊಂಡ ಆ ಗೆರೆಯಿಂದ ಫಸ್ಟಿನ ಕಡೆಗೆ ಕಾಲು ಊರಿದರೆ ಸರಿ, ಹೋಮಿನ ಕಡೆಗೆ ಜಾರಿದರೆ ಬಾಕ್. ಎತ್ತಿದ ಪಾದ ಪೂರ್ತಿಯಾಗಿ ರಬ್ಬರಿನ ಹಿಂದಿನ ಅಂಚನ್ನು ದಾಟಿತೋ, ಫಸ್ಟಿನ ದಾರಿ ಮುಚ್ಚಿತು. ಆಗ ಬ್ಯಾಟರಿಗೆ ಪಿಚ್ ಮಾಡಬೇಕು, ಇಲ್ಲವೇ ಸೆಕೆಂಡ್ ಬೇಸಿನಲ್ಲಿ ರನ್ನರ್ ಇದ್ದರೆ ಅತ್ತ ತಿರುಗಬೇಕು. ಭುಜ ಕುಲುಕಿಸಿ ಹೆದರಿಸುವುದಕ್ಕೂ ಅವಕಾಶವಿಲ್ಲ. ತಲೆಗೆ ಮಾತ್ರ ಸ್ವಾತಂತ್ರ್ಯ. ಕಣ್ಣು ಬ್ಯಾಟರ್ ಮೇಲಿಟ್ಟು ಚೆಂಡು ಫಸ್ಟಿಗೆ ಎಸೆದರೆ ಯಾರೂ ಆಕ್ಷೇಪಿಸುವಂತಿಲ್ಲ. ಆ್ಯಂಡಿ ಪೆಟಿಟ್ ಯಾಂಕೀಸ್ ಪರ ಆಡಿದ ಅಷ್ಟೂ ವರ್ಷ ಎದುರಾಳಿ ಡಗ್‌ಔಟಿನಿಂದ ‘ಬಾಕ್, ಬಾಕ್’ ಎಂಬ ಕೂಗು ಏಳುತ್ತಿದ್ದದ್ದು ಈ ಒಂದು ಕಾಲಿನ ಕಾರಣಕ್ಕೆ. ಕಾಲೆತ್ತಿ ಗಾಳಿಯಲ್ಲಿ ಹಿಡಿದು, ರನ್ನರ್ ತನ್ನ ತೂಕವನ್ನು ಯಾವ ಕಾಲಿನ ಮೇಲೆ ಹಾಕುತ್ತಾನೆಂದು ನೋಡಿ, ಆಮೇಲೆ ತೀರ್ಮಾನಿಸುವಷ್ಟು ವ್ಯವಧಾನ ಆತನಿಗಿತ್ತು.

ನಮ್ಮ ಶಾಲೆಗಳಲ್ಲಿ ಖೊ ಖೊ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದ್ದ ಚೇಸರ್ ಭುಜ ಒಂದು ಕಡೆಗೆ ತಿರುಗಿಸಿದ ಮೇಲೆ ಕಂಬ ಮುಟ್ಟುವ ತನಕ ಆ ದಿಕ್ಕಿಗೇ ಓಡಬೇಕು, ನಡುವೆ ತಿರುಗಿದರೆ ಫೌಲ್. ಮೈ ಒಂದು ದಿಕ್ಕು ತೋರಿಸಿದ ಮೇಲೆ ಆ ದಿಕ್ಕಿಗೆ ಬದ್ಧವಾಗಬೇಕು ಎಂಬುದೇ ಎರಡೂ ಕಡೆಯ ನ್ಯಾಯ. 6.02(a) ನಿಯಮದಡಿ ಪಟ್ಟಿ ಮಾಡಿರುವ 13 ಬಗೆಯ ಬಾಕ್‌ಗಳಲ್ಲಿ ಹೆಚ್ಚಿನವು ಈ ಒಂದೇ ಬೇರಿನಿಂದ ಹೊರಟವು.

ಬಲಗೈಯವನ ಕಷ್ಟ ಬೇರೆ. ಅವನ ಬೆನ್ನು ಫಸ್ಟಿನ ಕಡೆಗಿರುತ್ತದೆ. ಒಂದೋ ಪುಟ್ಟ ನೆಗೆತದಲ್ಲಿ ಮೈ ತಿರುಗಿಸಿ ಎಸೆಯಬೇಕು, ಇಲ್ಲವೇ ಬಲಗಾಲನ್ನು ರಬ್ಬರಿನ ಹಿಂದಕ್ಕೆ ಇಳಿಸಬೇಕು. ಹಿಂದಕ್ಕೆ ಇಳಿದರೆ ಅವನು ಪಿಚರ್ ಅಲ್ಲ, ಇನ್‌ಫೀಲ್ಡರ್. ಹುಸಿ ಎಸೆತವನ್ನೂ ಮಾಡಬಹುದು. ಆದರೆ ಆಗ ಎಸೆದ ಚೆಂಡು ಗ್ಯಾಲರಿಗೆ ಹೋದರೆ ರನ್ನರಿಗೆ ಎರಡು ಬೇಸು ದಕ್ಕುತ್ತದೆ. ರಬ್ಬರಿನ ಮೇಲಿದ್ದು ಎಸೆದಿದ್ದರೆ ಒಂದೇ.

ಬಲಗೈಯವರ ಹಳೆಯ ತಂತ್ರವೊಂದಿತ್ತು. ಫಸ್ಟ್ ಮತ್ತು ಥರ್ಡ್ ಎರಡರಲ್ಲೂ ರನ್ನರುಗಳಿದ್ದಾಗ ಥರ್ಡಿಗೆ ಎಸೆದಂತೆ ಮಾಡಿ, ಗಿರಕ್ಕನೆ ತಿರುಗಿ ಫಸ್ಟನ್ನು ನೋಡುವುದು. 2013ರಲ್ಲಿ ಅದನ್ನು ಬಾಕ್ ಎಂದು ಸಾರಿದರು. ಅದರ ಬಗ್ಗೆ ಮರುಗುವವರು ಈಗಲೂ ಇದ್ದಾರೆ, ನಾನು ಆ ಗುಂಪಿನವನಲ್ಲ. ಥರ್ಡಿನತ್ತ ಹೆಜ್ಜೆ ಹೋಗುತ್ತದೆ, ಚೆಂಡು ಹೋಗುವುದಿಲ್ಲ. ರನ್ನರನ್ನು ಎಸೆದು ಮೋಸಗೊಳಿಸುವವನಿಗೆ ನನ್ನ ಮೆಚ್ಚುಗೆಯಿದೆ, ಎಸೆಯದೆ ಮೋಸಗೊಳಿಸುವವನಿಗೆ ಇಲ್ಲ.

ನಿಯಮದಲ್ಲಿ ಒಂದು ಪದ ಬದಲಾದರೆ ಏನಾಗುತ್ತದೆ ಎಂಬುದಕ್ಕೆ 1988ರ ಋತು ಸಾಕ್ಷಿ. ಸೆಟ್ ಪೊಸಿಷನ್ನಿನಲ್ಲಿ ಪಿಚರ್ ಪೂರ್ತಿ ನಿಲ್ಲಬೇಕು ಎಂದಿದ್ದ ನಿಯಮಕ್ಕೆ, ನಿಂತದ್ದು ಸ್ಪಷ್ಟವಾಗಿ ಕಾಣಬೇಕು, ಎರಡೂ ಪಾದ ನೆಲದ ಮೇಲಿರಬೇಕು ಎಂದು ಸೇರಿಸಿದರು. 1987ರಲ್ಲಿ ಎರಡೂ ಲೀಗುಗಳಿಂದ 356 ಬಾಕ್ ಆಗಿದ್ದವು, 1988ರಲ್ಲಿ 924. ಓಕ್ಲಂಡಿನ ಡೇವ್ ಸ್ಟುವರ್ಟ್ ಒಬ್ಬನ ಲೆಕ್ಕಕ್ಕೇ 16 ಬಂದವು. ಒಂದು ಋತುವಿನ ದಾಖಲೆಯಾಗಿ ಅದು ಇವತ್ತಿಗೂ ಉಳಿದಿದೆ. ಸ್ಟುವರ್ಟ್ ಆ ವರ್ಷ ಯಾರನ್ನೂ ವಂಚಿಸಲು ಹೊರಟವನಲ್ಲ. ವರ್ಷಗಟ್ಟಲೆ ಹೇಗೆ ನಿಲ್ಲುತ್ತಿದ್ದನೋ ಹಾಗೇ ನಿಂತ, ಅಷ್ಟೆ.

ಅದಕ್ಕೂ ಹಿಂದೆ, 1961ರ ಜುಲೈ 11ರಂದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕಿನ ಆಲ್ ಸ್ಟಾರ್ ಪಂದ್ಯದಲ್ಲಿ ಸ್ಟೂ ಮಿಲ್ಲರ್ ಸೆಟ್ ಆಗಿ ನಿಂತಿದ್ದಾಗ ಕೊಲ್ಲಿಯ ಕಡೆಯಿಂದ ಬೀಸಿದ ಗಾಳಿ ಮೈಯನ್ನು ಒಂದಿಷ್ಟು ವಾಲಿಸಿತು. ಅಂಪೈರ್ ಬಾಕ್ ಎಂದರು. 2022ರ ಸೆಪ್ಟೆಂಬರ್ 27ರಂದು ಮಯಾಮಿ ಮಾರ್ಲಿನ್ಸ್‌ನ ಎಡಗೈ ಪಿಚರ್ ರಿಚರ್ಡ್ ಬ್ಲೈಯರ್ ಮೇಲೆ ನ್ಯೂಯಾರ್ಕಿನಲ್ಲಿ ಒಬ್ಬನೇ ಬ್ಯಾಟರಿಗೆ ಪಿಚ್ ಮಾಡುತ್ತಿದ್ದಾಗ ಮೂರು ಬಾಕ್ ಬಿದ್ದವು. ಫಸ್ಟಿನಲ್ಲಿದ್ದ ಜೆಫ್ ಮೆಕ್‌ನೀಲ್ ಕೈ ಬೀಸಿಕೊಂಡು ನಡೆದು ಮನೆ ಸೇರಿದ. ಅಲ್ಲಿಯತನಕದ ಬ್ಲೈಯರನ ಮೇಜರ್ ಲೀಗ್ ಬದುಕಿನಲ್ಲಿ ಒಂದೂ ಬಾಕ್ ಇರಲಿಲ್ಲ. ವಂಚನೆ ತಡೆಯಲು ಹುಟ್ಟಿದ ನಿಯಮ ಅಳತೆಪಟ್ಟಿ ಹಿಡಿದು ನಿಂತಾಗಲೆಲ್ಲ ಇಂಥ ಅನ್ಯಾಯ ಆಗುತ್ತದೆ.

ಸೆಟ್ ಪೊಸಿಷನ್ನಿನ ನಿಲುಗಡೆಯ ಬಗ್ಗೆ ಇನ್ನೂ ಹೇಳುವುದಿತ್ತು. ಅದನ್ನು ಬದಿಗಿಡುತ್ತೇನೆ, ಯಾಕೆಂದರೆ ಎಡಗೈಯ ಮಾತು ಬಂದಾಗ ಟಿಪ್ಪಿ ಮಾರ್ಟಿನೆಜ್ ಕತೆಯನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು.

1983ರ ಆಗಸ್ಟ್ 24, ಬಾಲ್ಟಿಮೋರಿನ ಮೆಮೋರಿಯಲ್ ಸ್ಟೇಡಿಯಂ, ಎದುರಾಳಿ ಟೊರಾಂಟೊ ಬ್ಲೂ ಜೇಸ್. ಒಂಬತ್ತನೆಯ ಇನಿಂಗ್ಸಿನಲ್ಲಿ ಹಿಂದೆ ಬಿದ್ದಿದ್ದ ಓರಿಯೋಲ್ಸ್, ಸಮ ಮಾಡಿಕೊಳ್ಳುವ ಭರದಲ್ಲಿ ಬದಲಿ ಬ್ಯಾಟರುಗಳನ್ನು ಇಳಿಸುತ್ತ ಇದ್ದಬದ್ದ ಕ್ಯಾಚರುಗಳನ್ನೆಲ್ಲ ಮುಗಿಸಿಕೊಂಡಿತು. 3–3. ಹತ್ತನೆಯ ಇನಿಂಗ್ಸಿಗೆ ಕ್ಯಾಚರನ ಮುಖಕವಚ ತೊಟ್ಟು ಕೂತವನು ಲೆನ್ ಸಕಾಟ, ಸೆಕೆಂಡ್ ಬೇಸ್ ಕಾಯುತ್ತಿದ್ದ ಇನ್‌ಫೀಲ್ಡರ್. ಸೆಕೆಂಡಿನಲ್ಲಿ ಔಟ್‌ಫೀಲ್ಡರ್ ಜಾನ್ ಲೊವೆನ್‌ಸ್ಟೀನ್, ಥರ್ಡಿನಲ್ಲಿ ಇನ್ನೊಬ್ಬ ಔಟ್‌ಫೀಲ್ಡರ್ ಗ್ಯಾರಿ ರೊನಿಕಿ. ಕ್ಲಿಫ್ ಜಾನ್ಸನ್ ಹೋಮ್ ರನ್ ಹೊಡೆದ, 4–3. ಬ್ಯಾರಿ ಬೊನೆಲ್ ಸಿಂಗಲ್ ಹೊಡೆದು ಫಸ್ಟಿಗೆ ಬಂದ. ಆಗ ಮೌಂಡಿಗೆ ಬಂದವನು ಟಿಪ್ಪಿ.

ಟೊರಾಂಟೊದವರಿಗೆ ಬಾಯಲ್ಲಿ ನೀರೂರಿದ್ದು ಸಹಜ. ಇಂಥ ಕ್ಯಾಚರ್ ಸೆಕೆಂಡಿಗೆ ಎಸೆದು ಯಾರನ್ನು ಹಿಡಿದಾನು? ಬೊನೆಲ್ ಆಸೆಯಿಂದ ಹೆಜ್ಜೆ ಮುಂದಿಟ್ಟ. ಟಿಪ್ಪಿ ಫಸ್ಟಿನಲ್ಲಿದ್ದ ಎಡ್ಡಿ ಮರ್ರಿಗೆ ಎಸೆದ, ಬೊನೆಲ್ ಔಟ್. ಡೇವ್ ಕಾಲಿನ್ಸ್ ವಾಕ್ ಪಡೆದು ಬಂದ. ತನ್ನ ಮುಂಚಿನವನ ಗತಿ ಕಂಡೂ ಹೆಜ್ಜೆ ಇಟ್ಟ, ಅವನೂ ಔಟ್. ವಿಲ್ಲಿ ಅಪ್‌ಶಾ ಇನ್‌ಫೀಲ್ಡ್ ಸಿಂಗಲ್ಲಿನಿಂದ ಬಂದ, ಅವನೂ ಹಾಗೇ ಹೋದ. ಮೂವರು ರನ್ನರುಗಳು, ಒಂದೇ ಬೇಸಿನಲ್ಲಿ, ಒಂದೇ ಇನಿಂಗ್ಸಿನಲ್ಲಿ. ಬ್ಯಾಟರೊಬ್ಬನನ್ನೂ ಔಟ್ ಮಾಡದೆ ಟಿಪ್ಪಿ ಇನಿಂಗ್ಸ್ ಮುಗಿಸಿದ. ಕೆಳಗಿನ ಅರ್ಧದಲ್ಲಿ ಕ್ಯಾಲ್ ರಿಪ್ಕೆನ್ ಹೋಮ್ ರನ್ನಿನಿಂದ ಸಮ ಮಾಡಿದ. ಇಬ್ಬರು ಬೇಸಿನ ಮೇಲಿದ್ದಾಗ ಬ್ಯಾಟು ಹಿಡಿದು ಬಂದ ಸಕಾಟ ಚೆಂಡನ್ನು ಬೇಲಿಯಾಚೆ ಕಳಿಸಿದ, 7–4. ಓರಿಯೋಲ್ಸ್ ಆ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು.

ಈ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಟಿಪ್ಪಿಯ ಕೈಚಳಕಕ್ಕಿಂತ ಮೂವರು ರನ್ನರುಗಳ ಆಸೆ. ಅವರು ಕ್ಯಾಚರನನ್ನು ನೋಡಿ ಓಟದ ಲೆಕ್ಕ ಹಾಕಿದರು. ಬೇಸನ್ನು ಕದಿಯುವುದು ಕ್ಯಾಚರನಿಂದಲ್ಲ, ಪಿಚರನಿಂದ. ಹೀಗೆ ಬೇಸಿಗೆ ಎಸೆದು ರನ್ನರನ್ನು ಹಿಡಿಯುವ ಪಿಕಾಫಿನಿಂದ ಔಟಾಗುವವರು ತೀರ ಕಡಿಮೆ, ಆದ್ದರಿಂದ ಅದು ಹೊತ್ತು ಹಾಳು ಎಂದು ಅಂಕಿ ಅಂಶದ ಪಂಡಿತರು ವಾದಿಸುತ್ತ ಬಂದಿದ್ದಾರೆ. ಔಟುಗಳನ್ನು ಮಾತ್ರ ಎಣಿಸಿದರೆ ಅವರ ಲೆಕ್ಕ ಸರಿ. ರನ್ನರ್ ಇಡದೆ ಹೋದ ಅರ್ಧ ಹೆಜ್ಜೆ ಯಾವ ಸ್ಕೋರ್‌ ಕಾರ್ಡಿನಲ್ಲೂ ಕಾಣುವುದಿಲ್ಲ. ಸೆಕೆಂಡ್ ಬೇಸಿನ ಬಳಿ ಧೂಳೆದ್ದಾಗ ಕ್ಯಾಚರನ ಎಸೆತ ಗೆಲ್ಲುವುದು ಆ ಅರ್ಧ ಹೆಜ್ಜೆಯಿಂದ.

ಔಟಿಗಾಗಿಯೇ ಎಸೆದ ಎಸೆತಗಳೂ ಇವೆ. 2013ರ ಅಕ್ಟೋಬರ್ 27, ಸೇಂಟ್ ಲೂಯಿಸ್, ವರ್ಲ್ಡ್ ಸೀರೀಸಿನ ನಾಲ್ಕನೆಯ ಪಂದ್ಯ. ಬೋಸ್ಟನ್ ರೆಡ್ ಸಾಕ್ಸ್ 4–2ರಿಂದ ಮುಂದಿದೆ, ಎರಡು ಔಟ್ ಆಗಿವೆ, ಬ್ಯಾಟು ಹಿಡಿದವನು ಕಾರ್ಲೋಸ್ ಬೆಲ್ಟ್ರಾನ್. ಫಸ್ಟಿನಲ್ಲಿ ಬದಲಿ ರನ್ನರ್ ಕೋಲ್ಟನ್ ವಾಂಗ್. ವಾಂಗನ ರನ್ನಿಗೆ ಬೆಲೆಯಿಲ್ಲ, ಪಂದ್ಯ ಸಮ ಮಾಡುವ ರನ್ ಬೆಲ್ಟ್ರಾನನದು. ಕೋಜಿ ಉಎಹಾರ ಬಲಗೈಯವನು. ಗಿರ್ರನೆ ತಿರುಗಿ ಮೈಕ್ ನಪೋಲಿಗೆ ಎಸೆದ, ಹಿಂದಿರುಗುವಾಗ ವಾಂಗನ ಕಾಲು ಜಾರಿತು, ಪಂದ್ಯ ಮುಗಿಯಿತು. ವರ್ಲ್ಡ್ ಸೀರೀಸಿನ ಪಂದ್ಯವೊಂದು ಪಿಕಾಫಿನಿಂದ ಮುಗಿದದ್ದು ಅದೇ ಮೊದಲು. ಮರುದಿನ ವಾಂಗನ ಅಜಾಗ್ರತೆಯನ್ನು ಎಲ್ಲರೂ ಬೈದರು. ಉಎಹಾರನಿಗೆ ಆಟದ ಮರ್ಯಾದೆ ಗೊತ್ತಿಲ್ಲ ಎಂದು ಯಾರೂ ಬೈದ ನೆನಪು ನನಗಿಲ್ಲ.

ನಮ್ಮ ಕ್ರಿಕೆಟ್ಟಿನ ‘ಸ್ಪಿರಿಟ್’ ಪಂಥದವರೊಂದಿಗೆ ನನ್ನ ಹಳೆಯ ಜಗಳ ಇಲ್ಲೇ ಇರುವುದು. 1947ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ವಿನೂ ಮಂಕಡ್ ಬಿಲ್ ಬ್ರೌನನ್ನು ನಾನ್ ಸ್ಟ್ರೈಕರ್ ತುದಿಯಲ್ಲಿ ರನೌಟ್ ಮಾಡಿದ ಮೇಲೆ ಒಬ್ಬ ದೊಡ್ಡ ಆಟಗಾರನ ಹೆಸರನ್ನೇ ಬೈಗುಳದ ಹಾಗೆ ಬಳಸಿದರು. ಗೆರೆ ಬಿಟ್ಟು ಮುಂದೆ ಹೋಗಿ ಲಾಭ ಮಾಡಿಕೊಳ್ಳುತ್ತಿದ್ದವನು ಬ್ಯಾಟರ್, ಕೆಟ್ಟ ಹೆಸರು ಹೊತ್ತವನು ಬೌಲರ್. ಎಂಸಿಸಿ ಈ ಔಟನ್ನು ‘ಅನ್ಯಾಯದ ಆಟ’ದ ಅಧ್ಯಾಯದಿಂದ ತೆಗೆದು ರನೌಟ್ ಅಧ್ಯಾಯಕ್ಕೆ ಸೇರಿಸಿದ್ದು 2022ರಲ್ಲಿ. 2023ರ ಏಪ್ರಿಲ್ 10ರ ರಾತ್ರಿ ಚಿನ್ನಸ್ವಾಮಿಯಲ್ಲಿ ಏನಾಯಿತೆಂದು ಬೆಂಗಳೂರಿನವರು ಮರೆತಿಲ್ಲ. ಲಖನೌಗೆ ಕೊನೆಯ ಚೆಂಡಿಗೆ ಒಂದು ರನ್ ಬೇಕು, ಕೊನೆಯ ಜೋಡಿ ಕ್ರೀಸಿನಲ್ಲಿದೆ, ರವಿ ಬಿಷ್ಣೋಯ್ ಗೆರೆ ಬಿಟ್ಟಿದ್ದಾನೆ. ಓಡಿಬಂದ ಹರ್ಷಲ್ ಪಟೇಲ್ ಬೇಲ್ಸ್ ಹಾರಿಸಲು ಹೋಗಿ ತಪ್ಪಿದ, ಓಟದ ರಭಸದಲ್ಲಿ ಮುಂದೆ ಹೋದ, ಅಲ್ಲಿಂದ ಎಸೆದು ಸ್ಟಂಪಿಗೆ ತಾಗಿಸಿದರೂ ಅದು ಲೆಕ್ಕಕ್ಕೆ ಬರಲಿಲ್ಲ. ಕೊನೆಗೆ ಬೈ ಓಡಿ ಲಖನೌ ಒಂದು ವಿಕೆಟ್ಟಿನಿಂದ ಗೆದ್ದಿತು.

ಹರ್ಷಲ್ ಮಾಡಲು ಹೋದದ್ದು ಪೂರ್ತಿ ಸರಿ. ಅವನಲ್ಲಿ ಇಲ್ಲದ್ದು ಅಭ್ಯಾಸ. ಬೇಸ್‌ಬಾಲ್ ಹುಡುಗ ಹದಿಮೂರರಲ್ಲಿ ಕಲಿಯತೊಡಗುವ ಕೆಲಸವನ್ನು ನಮ್ಮ ಬೌಲರುಗಳು ನಾಚಿಕೆಯ ಕೆಲಸವೆಂದು ನೆಟ್ಸಿನಲ್ಲಿ ಒಮ್ಮೆಯೂ ಮಾಡಿ ನೋಡುವುದಿಲ್ಲ. ಮೈಯ ವೇಗ ತಡೆದು ನಿಲ್ಲುವುದು ಎಲ್ಲಿ, ಕೈ ಯಾವ ಎತ್ತರದಲ್ಲಿರುವಾಗ ತಿರುಗಬೇಕು ಎಂಬುದನ್ನು ಉಎಹಾರನ ಥರ ದಿನವೂ ಮಾಡಿದವನಿಗೆ ಕೊನೆಯ ಚೆಂಡಿನಲ್ಲಿ ಕಾಲು ನಿಲ್ಲುತ್ತದೆ.

ಇನ್ನು ಬೇಸ್‌ಬಾಲ್ ತಾನೇ ಮಾಡಿಕೊಂಡ ತಪ್ಪಿನ ಮಾತು. 2023ರಿಂದ ಮೇಜರ್ ಲೀಗಿನಲ್ಲಿ ಒಬ್ಬ ಬ್ಯಾಟರ್ ಮುಗಿಯುವುದರೊಳಗೆ ಪಿಚರ್ ರಬ್ಬರ್ ಬಿಡುವುದು ಅಥವಾ ಪಿಕಾಫಿಗೆ ಎಸೆಯುವುದು ಎರಡೇ ಸಲ. ಮೂರನೆಯ ಸಲ ಎಸೆದು ರನ್ನರ್ ಔಟಾಗದಿದ್ದರೆ ಬಾಕ್. ರನ್ನರ್ ಮುಂದಿನ ಬೇಸಿಗೆ ಹೋದರೆ ಲೆಕ್ಕ ಮೊದಲಿನಿಂದ. ಅದೇ ವರ್ಷ ಬೇಸಿನ ಅಗಲವನ್ನು 15 ಅಂಗುಲದಿಂದ 18ಕ್ಕೆ ಏರಿಸಿದರು. 2022ರಲ್ಲಿ 2,486 ಇದ್ದ ಕದ್ದ ಬೇಸುಗಳು 2023ರಲ್ಲಿ 3,503 ಆದವು. ರೊನಾಲ್ಡ್ ಅಕುನ್ಯ 41 ಹೋಮ್ ರನ್ ಹೊಡೆದು 73 ಬೇಸು ಕದ್ದ. ಓಟ ಮರಳಿ ಬಂದದ್ದು ನನಗೂ ಖುಷಿ. ಗೊತ್ತುಗುರಿಯಿಲ್ಲದೆ ಫಸ್ಟಿಗೆ ಎಸೆದು ಬ್ಯಾಟರಿಗೆ ಬೇಸರ ಬರಿಸುತ್ತಿದ್ದ ಪಿಚರುಗಳಿಗೆ ಲಗಾಮು ಬೇಕಿತ್ತು ಎಂಬುದನ್ನೂ ಒಪ್ಪುತ್ತೇನೆ.

ಒಪ್ಪಲಾಗದ್ದು ಶಿಕ್ಷೆ. ಬಾಕ್ ಎಂದರೆ ವಂಚನೆಯ ಆರೋಪ. ಮೂರನೆಯ ಎಸೆತದಲ್ಲಿ ವಂಚನೆ ಎಲ್ಲಿದೆ? ಹೆಜ್ಜೆ ನೇರ, ಭುಜ ಸುಮ್ಮನಿದೆ, ಚೆಂಡು ಹೋದದ್ದು ಹೆಜ್ಜೆ ತೋರಿಸಿದ ಕಡೆಗೆ. ರನ್ನರ್ ಕೂದಲೆಳೆಯಲ್ಲಿ ಬೇಸು ಮುಟ್ಟಿದ ಮಾತ್ರಕ್ಕೆ ಭುಜ ಕುಲುಕಿಸಿದವನಿಗೂ ಇವನಿಗೂ ಒಂದೇ ದಂಡ, ಒಂದು ಪೂರ್ತಿ ಬೇಸು. ಎರಡು ಎಸೆತ ಮುಗಿದ ಮೇಲೆ ರನ್ನರ್ ಧೈರ್ಯವಾಗಿ ಇನ್ನೊಂದು ಹೆಜ್ಜೆ ಇಡುತ್ತಾನೆ. ಪೆಟಿಟ್ ಹಾಗೆ ಕಾಲೆತ್ತಿ ಕಾಯುವ ಕಲೆ ಕಲಿತ ಹುಡುಗ ಅದನ್ನು ಬಳಸಬೇಕಾದ ಗಳಿಗೆಯಲ್ಲೇ ಹಿಂಜರಿಯುತ್ತಾನೆ.

ಇದಕ್ಕೆ ಪರಿಹಾರ ಅದೇ ವರ್ಷದ ನಿಯಮಗಳಲ್ಲೇ ಇದೆ. ಪಿಚ್ ಕ್ಲಾಕ್ ಮೀರಿದ ಪಿಚರಿಗೆ ದಂಡ ಎಂದರೆ ಬ್ಯಾಟರ್ ಲೆಕ್ಕಕ್ಕೆ ಒಂದು ಬಾಲ್, ಅಷ್ಟೆ. ರನ್ನರ್ ನಿಂತಲ್ಲೇ ನಿಲ್ಲುತ್ತಾನೆ. ಮೂರನೆಯ ಪಿಕಾಫ್ ವಿಫಲವಾದಾಗ ಆಗುವ ನಷ್ಟವೂ ಹೊತ್ತಿನದೇ. ಅದಕ್ಕೂ ಒಂದು ಬಾಲ್ ದಂಡ ಹಾಕಲಿ. ಸೆಕೆಂಡ್ ಬೇಸ್ ಬೇಕಿದ್ದರೆ ರನ್ನರ್ ಓಡಲಿ, ಕ್ಯಾಚರ್ ಎಸೆಯಲಿ.