ಉಪಕಾರದ ಬೀಗ
ಮೀರಾ ನಾಯರ್ ಅವರ ‘ಮಾನ್ಸೂನ್ ವೆಡ್ಡಿಂಗ್’ (2001) ಎಂದರೆ ಹೊರನಾಡಿನ ನಮಗೆ ದೆಹಲಿಯ ಪಂಜಾಬಿ ಮದುವೆ, ಮಳೆ, ಚೆಂಡುಹೂವು. ನನ್ನನ್ನು ಕಾಡುವವಳು ರಿಯಾ. ಬಾಲ್ಯದಲ್ಲಿ ಅವಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ತೇಜ್, ಅಮೆರಿಕದಿಂದ ಬಂದ ಹಿರಿಯ, ಮನೆತನಕ್ಕೆ ಆಸರೆಯಾದವನು. ಅವಳ ಓದಿನ ಖರ್ಚನ್ನೂ ತಾನೇ ಕೊಡುತ್ತೇನೆನ್ನುತ್ತಾನೆ. ಉಪಕಾರವೇ ಬಾಯಿಗೆ ಬೀಗ. ರಿಯಾ ತನಗಾಗಿ ಅದನ್ನು ಒಡೆಯುವುದಿಲ್ಲ. ಪುಟ್ಟ ಆಲಿಯಾಳನ್ನು ಅವನು ಕರೆದೊಯ್ಯಲು ಹೊರಟಾಗ ಒಡೆಯುತ್ತಾಳೆ.

ಅವಳನ್ನು ಸಾಕಿದ ಲಲಿತ್ ಮೊದಲು ತಡವರಿಸುತ್ತಾನೆ. ಕೊನೆಗೆ, ತೀರಿಕೊಂಡ ಸೋದರನ ಫೋಟೋದ ಮುಂದೆಯೇ ತೇಜ್‌ನನ್ನು ಹೊರಡುವಂತೆ ಹೇಳುತ್ತಾನೆ. ಹಿರಿಯರೊಬ್ಬರು ತನ್ನನ್ನು ನಂಬಿದರು ಎಂಬುದೇ ನೊಂದ ಜೀವಕ್ಕೆ ಮೊದಲ ಮದ್ದು. ಇದು ಚಿತ್ರದ ದೊಡ್ಡ ಗೆಲುವು.

ನನ್ನ ತಕರಾರು ಮುಂದಿನದು. ಚಿತ್ರ ಬಲುಬೇಗ ಕುಣಿತಕ್ಕೆ ಹೊರಳುತ್ತದೆ, ರಿಯಾಳ ಮುಖದಲ್ಲೂ ನಗು. ಅಪರಾಧಿ ಗೇಟು ದಾಟಿದರೆ ನೋವೂ ದಾಟಿತೇ? ಕೆಟ್ಟ ನಿದ್ದೆ, ತನ್ನದೇ ತಪ್ಪೆಂಬ ಕೊರಗು, ಮುಟ್ಟಿದರೆ ಬೆಚ್ಚುವ ಮೈ ಚಪ್ಪರ ಬಿಚ್ಚಿದ ಮೇಲೂ ಉಳಿಯಬಹುದು. ಅದಕ್ಕೆ ಆಪ್ತಸಮಾಲೋಚನೆ ಬೇಕು, ಮನೆಯವರ ತಾಳ್ಮೆ ಬೇಕು. ಚಿತ್ರ ಅಷ್ಟು ದೂರ ಬರುವುದಿಲ್ಲ.

ನಾವಾದರೂ ಹೋಗಬೇಕು. ಸೂಟ್‌ಕೇಸಿನೊಂದಿಗೆ ಊರಿನ ಮನೆಗೆ ಬಂದಿಳಿಯುವವರು ನಾವೇ ಅಲ್ಲವೇ? ‘ಮಾಮನ ಹತ್ತಿರ ಹೋಗು’ ಎಂದಾಗ ಮಗು ಹಿಂಜರಿದರೆ, ಗದರುವ ಮುನ್ನ ಕೇಳೋಣ.